ಒಂದು ಬೆಡ್, ಇಬ್ಬರು ಬಾಣಂತಿಯರು

ನಮ್ಮದು ಬೆಂಗಳೂರು ಗ್ರಾಮಾಂತರದ ತಾಲ್ಲೂಕು ಆಸ್ಪತ್ರೆ, 100 ಬೆಡ್. ನಾನು ಹೆರಿಗೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಸುತ್ತ ಫ್ಯಾಕ್ಟರಿ, ಗೋಡೌನ್ ಜಾಸ್ತಿಯಾದವು. ರಾಯಚೂರು, ಯಾದಗಿರಿ, ಒಡಿಶಾ, ಬಿಹಾರದಿಂದ ಕೆಲಸಕ್ಕೆ ಬಂದವರು ಇಲ್ಲೇ ಬಾಡಿಗೆ ಮನೆ ಮಾಡಿ, ಹೆರಿಗೆಗೂ ಇಲ್ಲಿಗೇ ಬರತೊಡಗಿದರು. ವಾರ್ಡು ಮಾತ್ರ ಇದ್ದಷ್ಟೇ ಇತ್ತು. ಒಂದೇ ಬೆಡ್ ಮೇಲೆ ಇಬ್ಬರು ಬಾಣಂತಿಯರು, ಒಬ್ಬಳ ತಲೆ ಆ ಕಡೆ, ಇನ್ನೊಬ್ಬಳದು ಈ ಕಡೆ. ಸಿಸೇರಿಯನ್ ಆದವಳ ಹೊಲಿಗೆಗೆ ಪಕ್ಕದವಳ ಕಾಲು ತಾಗದಿರಲಿ ಅಂತ ನಡುವೆ ಕಂಬಳಿ ಸುತ್ತಿ ಇಡುತ್ತಿದ್ದೆವು.

ಹೊಸ ಕಟ್ಟಡ ಕೇಳಿದೆವು. ಅದು ಮಂಜೂರಾಗಿ, ಟೆಂಡರ್ ಆಗಿ, ಮೇಲೇಳುವುದಕ್ಕೆ ವರ್ಷಗಳೇ ಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂರಲು ಮನಸ್ಸಾಗಲಿಲ್ಲ. ಒಂದು ನೋಟ್‌ಬುಕ್ ಇಟ್ಟೆ. ಡಾಕ್ಟರ್ ಮನೆಗೆ ಕಳಿಸಬಹುದು ಅಂದಿದ್ದು ಎಷ್ಟು ಹೊತ್ತಿಗೆ, ಬೆಡ್ ನಿಜವಾಗಿ ಖಾಲಿಯಾಗಿದ್ದು ಎಷ್ಟು ಹೊತ್ತಿಗೆ, ಒಂದು ತಿಂಗಳು ಅಷ್ಟನ್ನೇ ಬರೆದೆ.

ಲೆಕ್ಕ ಸರಳ. ಸಾಮಾನ್ಯ ಹೆರಿಗೆಯಾದರೆ 48 ಗಂಟೆ ಇಟ್ಟುಕೊಳ್ಳಲೇಬೇಕು, ಅದನ್ನು ಕಡಿಮೆ ಮಾಡುವ ಮಾತೇ ಇಲ್ಲ. ಸಿಸೇರಿಯನ್ನಿಗೆ ಐದು ದಿನ ಅಂತಿಟ್ಟುಕೊಳ್ಳಿ. ದಿನಕ್ಕೆ ಆರು ಸಾಮಾನ್ಯ, ಮೂರು ಸಿಸೇರಿಯನ್ ಆದರೆ 12 ಮತ್ತು 15, ಒಟ್ಟು 27 ಬೆಡ್. ಒಬ್ಬೊಬ್ಬರೂ ಅರ್ಧ ದಿನ ಹೆಚ್ಚಿಗೆ ಉಳಿದರೆ ಇನ್ನೂ ನಾಲ್ಕೈದು ಬೆಡ್ ಬೇಕು. ನಮ್ಮಲ್ಲಿ ಆ ಅರ್ಧ ದಿನ ದಿನವೂ ಹೋಗುತ್ತಿತ್ತು. ಡಾಕ್ಟರ್ ಓಪಿಡಿ ಮುಗಿಸಿ ರೌಂಡ್ಸ್‌ಗೆ ಬರುವಾಗ ಮಧ್ಯಾಹ್ನ. ಆಮೇಲೆ ಡಿಸ್ಚಾರ್ಜ್ ಚೀಟಿ, ಆಮೇಲೆ ಮಗುವಿನ ಜನನ ಪ್ರಮಾಣಪತ್ರ, ಆಮೇಲೆ ತಾಯಿ-ಮಗುವನ್ನು ಮನೆಗೆ ಬಿಡುವ ನಗು-ಮಗು ಗಾಡಿಗೆ ಕಾಯುವುದು.

ನಮ್ಮ ಡಾಕ್ಟರ್‌ಗೆ ಆ ನೋಟ್‌ಬುಕ್ ತೋರಿಸಿದೆ. ಒಪ್ಪಿಕೊಂಡರು. ರೌಂಡ್ಸ್ ಓಪಿಡಿಗೆ ಮುಂಚೆ, ಬೆಳಿಗ್ಗೆ 8ಕ್ಕೆ ಬಂತು. ಜನನ ನೋಂದಣಿಯ ವಿವರವನ್ನು ಹೆರಿಗೆಯಾದ ಮರುದಿನವೇ ತೆಗೆದುಕೊಳ್ಳತೊಡಗಿದೆವು.

ಇನ್ನೊಂದು ತೊಡಕು ಮಂಗಳವಾರ. "ಸಿಸ್ಟರಮ್ಮ, ಇವತ್ತು ಮಂಗಳವಾರ, ಬಾಣಂತೀನ ಕರ್ಕೊಂಡು ಹೋಗಕ್ಕಿಲ್ಲ" ಅಂತ ಅಜ್ಜಿ ಬಾಗಿಲಲ್ಲೇ ಕೂತರೆ ಏನು ಮಾಡ್ತೀರಿ? ಜಗಳ ಆಡಬಾರದು, ಅದು ಅವರ ನಂಬಿಕೆ. ಸ್ಟೋರ್ ಆಗಿದ್ದ ಒಂದು ಕೋಣೆ ಖಾಲಿ ಮಾಡಿಸಿ ಆರು ಮಂಚ ಹಾಕಿಸಿದೆ. ಡಿಸ್ಚಾರ್ಜ್ ಆದವರು ಬುಧವಾರದವರೆಗೆ ಅಲ್ಲಿರುತ್ತಾರೆ. ಊಟ, ಬಿಸಿನೀರು ಎಲ್ಲ ಸಿಗುತ್ತದೆ. ಅಮಾವಾಸ್ಯೆಗೂ ಅದೇ ಕೋಣೆ.

ಕಟ್ಟಡದ ನಕ್ಷೆ ಬಂದಾಗ ನಾನೂ ಕೂತು ನೋಡಿದೆ. ಹೆರಿಗೆ ಕೋಣೆ ಕೆಳಗೆ, ಆಪರೇಷನ್ ಥಿಯೇಟರ್ ಎರಡನೇ ಮಹಡಿಯಲ್ಲಿ! ಕೂಸಿನ ಎದೆಬಡಿತ ಇಳಿಯುತ್ತಿರುವಾಗ ಲಿಫ್ಟ್ ಕಾಯೋಕಾಗುತ್ತಾ? ಎರಡೂ ಒಂದೇ ಮಹಡಿಯಲ್ಲಿ, ಅಕ್ಕಪಕ್ಕ ಇರಲೇಬೇಕು ಅಂತ ಹಟ ಹಿಡಿದೆ. ಬದಲಾಯಿಸಿದರು. ನಿಮ್ಮೂರಲ್ಲಿ ಕಟ್ಟುತ್ತಿದ್ದರೆ ನಕ್ಷೆ ಹಂತದಲ್ಲೇ ವಾರ್ಡಿನ ಸಿಸ್ಟರ್‌ಗಳನ್ನು ಕೂರಿಸಿಕೊಳ್ಳಿ, ಗೋಡೆ ಎದ್ದ ಮೇಲೆ ಏನೂ ಆಗುವುದಿಲ್ಲ.

ಹೊಸ ಕಟ್ಟಡಕ್ಕೆ 50 ಬೆಡ್ ಬಂದವು, ಹೊಸ ಹುದ್ದೆ ಬರಲಿಲ್ಲ. ನನಗೆ ತುಂಬ ಸಂಕಟವಾಗಿದ್ದು ಆಗಲೇ. ಹೊಸ ಬೆಡ್‌ಗಳು ಪ್ಲಾಸ್ಟಿಕ್ ಹೊದಿಕೆ ಸಮೇತ ಹಾಗೇ ಇದ್ದವು. ಇರುವ ಸಿಸ್ಟರ್‌ಗಳನ್ನೇ ಎರಡು ಕಡೆ ಹಂಚಿದರೆ ರಾತ್ರಿ ಪಾಳಿಯಲ್ಲಿ ಎರಡೂ ಕಡೆ ಅಪಾಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಯ ವೆಚ್ಚಕ್ಕೆ ಸರ್ಕಾರ ಕೊಡುವ ಕ್ಲೇಮ್ ಹಣ ಆಸ್ಪತ್ರೆಯ ಆಡಳಿತ ನೋಡುವ ಆರೋಗ್ಯ ರಕ್ಷಾ ಸಮಿತಿಗೆ ಬರುತ್ತದಲ್ವಾ, ಅದರಲ್ಲಿ ಗುತ್ತಿಗೆಯ ಮೇಲೆ ಸಿಸ್ಟರ್‌ಗಳನ್ನು, ಗ್ರೂಪ್ ಡಿಯವರನ್ನು ತೆಗೆದುಕೊಳ್ಳಲು ಸಮಿತಿ ಒಪ್ಪಿತು. ಮೊದಲು 20 ಬೆಡ್, ಜನ ಸಿಕ್ಕ ಹಾಗೆ ಉಳಿದದ್ದು ತೆರೆದೆವು. ರಕ್ತ ಶೇಖರಣಾ ಘಟಕವೂ ಶುರುವಾಯಿತು. ಈಗ ರಕ್ತ ಬೇಕಾದಾಗೆಲ್ಲ ಜಿಲ್ಲೆಗೆ ಓಡಿಸಬೇಕಿಲ್ಲ.

ಒಂದು ಬೆಡ್‌ಗೆ ಈಗ ಒಬ್ಬಳೇ ಬಾಣಂತಿ. ಅರಿವಳಿಕೆ ಡಾಕ್ಟರ್ ಮಾತ್ರ ಇನ್ನೂ ಒಬ್ಬರೇ. ಅವರು ರಜೆ ಹಾಕಿದ ದಿನ ಸಿಸೇರಿಯನ್ ಬೇಕಾದವರನ್ನು 108ರಲ್ಲಿ ಬೆಂಗಳೂರಿಗೆ ಕಳಿಸುತ್ತೇವೆ, ಜೊತೆಗೆ ನಮ್ಮ ಸಿಸ್ಟರ್ ಒಬ್ಬಳು ಹೋಗುತ್ತಾಳೆ. ಹಾಗೆ ಕಳಿಸಿದ ಒಬ್ಬೊಬ್ಬರ ಲೆಕ್ಕವನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಎರಡನೇ ಹುದ್ದೆ ಕೇಳಿ ಹೋಗಿರುವ ಪತ್ರಕ್ಕೆ ಅದರ ಪ್ರತಿ ಲಗತ್ತಿಸಿದ್ದೇವೆ.