ಕಬ್ಬನ್ ಉದ್ಯಾನದಲ್ಲಿ ಸಮಯ ನೋಡಿಕೊಂಡು ಓಡುವವರಿಗೆ
ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಓಡುವಾಗ ಕೈಗಡಿಯಾರದ ಜಿಪಿಎಸ್ ತೋರಿಸುವ ದೂರವನ್ನು ಪೂರ್ತಿ ನಂಬಬೇಡಿ. ಬಿದಿರು ಮೆಳೆಯ ಬಳಿ, ದಟ್ಟ ಮರಗಳ ಕೆಳಗೆ ಉಪಗ್ರಹದ ಸಂಕೇತ ತಡವರಿಸುತ್ತದೆ. ನೇರ ರಸ್ತೆಯಲ್ಲಿ ಓಡಿದರೂ ನಕ್ಷೆಯಲ್ಲಿ ಹುಲ್ಲಿನ ಮೇಲೆಲ್ಲ ಅಂಕುಡೊಂಕು ಗೆರೆ ಮೂಡುತ್ತದೆ. ಅದರ ಬದಲು ಬ್ಯಾಂಡ್‌ಸ್ಟ್ಯಾಂಡ್ ಎಂಬ ವಾದ್ಯಮಂಟಪದ ಎದುರು ಒಂದು ಗುರುತು ಇಟ್ಟುಕೊಳ್ಳಿ. ಪ್ರತಿ ಸಲವೂ ಅದೇ ದಾರಿ, ಅದೇ ದಿಕ್ಕು. ಗುರುತು ದಾಟುವಾಗ ಗಡಿಯಾರದ ಲ್ಯಾಪ್ ಗುಂಡಿಯನ್ನು, ಅಂದರೆ ಒಂದೊಂದು ಸುತ್ತಿನ ಸಮಯ ದಾಖಲಿಸುವ ಗುಂಡಿಯನ್ನು, ನೀವೇ ಒತ್ತಿ. ಸುತ್ತಿನ ದೂರ ಎಷ್ಟೇ ಇರಲಿ, ಕಳೆದ ವಾರಕ್ಕಿಂತ ಎಷ್ಟು ಸೆಕೆಂಡು ಉಳಿಯಿತೆಂಬುದು ಆಗ ಖಚಿತವಾಗಿ ಗೊತ್ತಾಗುತ್ತದೆ. ಭಾನುವಾರ ಒಳರಸ್ತೆಗಳಲ್ಲಿ ವಾಹನಗಳ ಕಾಟವಿಲ್ಲ, ಆದರೆ ಮಕ್ಕಳು, ಸೈಕಲ್‌ಗಳು ಬೇಗನೆ ತುಂಬಿಕೊಳ್ಳುತ್ತವೆ. ಬೆಳಕು ಹರಿಯುತ್ತಲೇ ಓಟ ಮುಗಿಸಿ. ಮಳೆಯ ಮರುದಿನ ನೆಲದ ಬಿದಿರೆಲೆ ಜಾರುತ್ತದೆ; ಅಂದು ವೇಗದ ಆಸೆ ಖಂಡಿತ ಬೇಡ.