ಮ್ಯಾಚ್ ಯಾವ ಚಾನೆಲ್‌ನಲ್ಲಿ? ಕಂಡುಹಿಡಿಯುವುದು ಹೀಗೆ

ಭಾರತದ ಮ್ಯಾಚ್ ಇದೆ ಅಂತ ಟೀವಿ ಹಾಕುತ್ತೀರಿ. ಹೋದ ಸರಣಿ ಬಂದ ಚಾನೆಲ್‌ನಲ್ಲಿ ಯಾವುದೋ ಹಳೇ ಮ್ಯಾಚ್ ಓಡುತ್ತಿದೆ. ರಿಮೋಟ್ ಒತ್ತಿ ಒತ್ತಿ ಹುಡುಕುವಷ್ಟರಲ್ಲಿ ಮೂರು ಓವರ್ ಮುಗಿದು, ಒಂದು ವಿಕೆಟ್ಟೂ ಬಿದ್ದಿರುತ್ತದೆ. ಯಾವ ಮ್ಯಾಚ್ ಎಲ್ಲಿ ಬರುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಅದು ಗೊತ್ತಿದ್ದರೆ ಹುಡುಕಾಟ ಜಾಸ್ತಿ ಬೇಕಾಗುವುದಿಲ್ಲ.

ಮೊದಲು, ಆಟ ಯಾರ ನೆಲದಲ್ಲಿ ಅಂತ ನೋಡಿ

ಪ್ರಸಾರದ ಹಕ್ಕನ್ನು ಮಾರುವುದು ಆತಿಥೇಯ ಕ್ರಿಕೆಟ್ ಮಂಡಳಿ. ಹಾಗಾಗಿ ಭಾರತ ಯಾರ ಜೊತೆ ಆಡುತ್ತಿದೆ ಅನ್ನುವುದಕ್ಕಿಂತ ಎಲ್ಲಿ ಆಡುತ್ತಿದೆ ಅನ್ನುವುದು ಮುಖ್ಯ. ನಮ್ಮ ನೆಲದಲ್ಲಿ ನಡೆಯುವ ಸರಣಿಗಳನ್ನು ಬಿಸಿಸಿಐ 2023ರಲ್ಲಿ ವಯಾಕಾಮ್18ಗೆ ಮಾರಿತು. 88 ಪಂದ್ಯಗಳಿಗೆ 5,963 ಕೋಟಿ ರೂಪಾಯಿ, ಮಾರ್ಚ್ 2028ರವರೆಗೆ. ಆ ಕಂಪನಿ ಮತ್ತು ಸ್ಟಾರ್ 2024ರ ನವೆಂಬರ್‌ನಲ್ಲಿ ಒಂದಾಗಿ ಜಿಯೋಸ್ಟಾರ್ ಆದವು. ಆದ್ದರಿಂದ ಈಗ ಚಿನ್ನಸ್ವಾಮಿಯಲ್ಲಿ ಟೆಸ್ಟ್ ನಡೆದರೆ ಟೀವಿಯಲ್ಲಿ ಸ್ಟಾರ್ ಸ್ಪೋರ್ಟ್ಸ್, ಫೋನಿನಲ್ಲಿ ಜಿಯೋಹಾಟ್‌ಸ್ಟಾರ್.

ಅದೇ ತಂಡ ಇಂಗ್ಲೆಂಡಿಗೆ ಹೋದರೆ ಕಥೆ ಬೇರೆ. 2025ರ ಇಂಗ್ಲೆಂಡ್ ಪ್ರವಾಸ ಟೀವಿಯಲ್ಲಿ ಬಂದದ್ದು ಸೋನಿಯಲ್ಲಿ. ನ್ಯೂಜಿಲೆಂಡ್ ಮಂಡಳಿಯ ಹಕ್ಕೂ ಸೋನಿಯದೇ. ಆಸ್ಟ್ರೇಲಿಯಾದ್ದು ಸ್ಟಾರ್ ಹತ್ತಿರ. ಏಷ್ಯಾ ಕಪ್ ಸೋನಿಗೆ ಹೋಗಿದೆ. ಇನ್ನು ವಿಶ್ವಕಪ್, ಚಾಂಪಿಯನ್ಸ್ ಟ್ರೋಫಿ ಥರದವು ಯಾವ ದೇಶದಲ್ಲಿ ನಡೆದರೂ ಮಾರುವುದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯಾದ ಐಸಿಸಿ. 2024ರಿಂದ 2027ರವರೆಗಿನ ಹಕ್ಕನ್ನು ಪಡೆದದ್ದು ಸ್ಟಾರ್. ಈ ಒಪ್ಪಂದಗಳೆಲ್ಲ ಕೆಲವು ವರ್ಷಕ್ಕೊಮ್ಮೆ ಕೈ ಬದಲಾಯಿಸುತ್ತವೆ. ಹೊಸ ಸರಣಿ ಶುರುವಾಗುವ ಮುಂಚೆ ಒಂದು ಸಲ ಖಾತ್ರಿ ಮಾಡಿಕೊಳ್ಳಿ.

ಟೀವಿ ಬೇರೆ, ಫೋನ್ ಬೇರೆ

ಎರಡನ್ನೂ ಒಟ್ಟಿಗೇ ಮಾರಬೇಕು ಅಂತೇನಿಲ್ಲ. 2023ರಿಂದ 2027ರವರೆಗಿನ ಐಪಿಎಲ್ ಹರಾಜಿನಲ್ಲಿ ಭಾರತದ ಟೀವಿ ಹಕ್ಕು 23,575 ಕೋಟಿಗೆ ಸ್ಟಾರ್ ಪಾಲಾಯಿತು. ಆ್ಯಪ್‌ನ ಹಕ್ಕನ್ನು ಕೊಂಡದ್ದು ಎದುರಾಳಿ ವಯಾಕಾಮ್18. ಎರಡು ಸೀಸನ್ ಒಂದೇ ಮ್ಯಾಚಿಗೆ ಎರಡು ಕಂಪನಿ ಪೈಪೋಟಿಯಲ್ಲಿ ನೋಡುಗರನ್ನು ಕರೆದವು. ನಮಗೇನೋ ಲಾಭವೇ ಆಯಿತು, ಫೋನಿನಲ್ಲಿ ಪುಕ್ಕಟೆ ಸಿಕ್ಕಿತು ಅಲ್ವಾ!

ಕೊಂಡವರು ಇನ್ನೊಬ್ಬರಿಗೆ ಪಾಲು ಕೊಡುವುದೂ ಉಂಟು. ಮೇಲೆ ಹೇಳಿದ ಇಂಗ್ಲೆಂಡ್ ಸರಣಿಯಲ್ಲೇ ಸೋನಿ ಟೀವಿಯನ್ನು ತಾನಿಟ್ಟುಕೊಂಡು ಆ್ಯಪ್‌ನ ಪಾಲನ್ನು ಜಿಯೋಹಾಟ್‌ಸ್ಟಾರ್‌ಗೆ ಬಿಟ್ಟುಕೊಟ್ಟಿತು. ಚಾನೆಲ್ ಸೋನಿಯದು ಅಂದುಕೊಂಡು ಅವರ ಆ್ಯಪ್‌ಗೆ ದುಡ್ಡು ಕಟ್ಟಿದ್ದರೆ ಕೆಲಸ ಕೆಟ್ಟಂತೆಯೇ. ರೀಚಾರ್ಜ್ ಮಾಡುವ ಮುಂಚೆ ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ದೂರದರ್ಶನದಲ್ಲಿ ಬರುತ್ತಾ?

ಎಲ್ಲರೂ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಹಿಂದೆ ಕ್ರಿಕೆಟ್ ಅಂದರೆ ದೂರದರ್ಶನ, ಬೇರೆ ದಾರಿ ಇರಲಿಲ್ಲ. 1993ರ ಹೀರೋ ಕಪ್ ವೇಳೆ ಬಂಗಾಳ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಗೆ ಹಕ್ಕು ಮಾರಿದಾಗ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಗಾಳಿಯಲೆಗಳು ಸರ್ಕಾರದ ಆಸ್ತಿಯಲ್ಲ, ಜನರ ಆಸ್ತಿ ಅಂತ 1995ರಲ್ಲಿ ಕೋರ್ಟ್ ಹೇಳಿತು. ಖಾಸಗಿಯವರಿಗೆ ಬಾಗಿಲು ತೆರೆಯಿತು. ಆದರೆ ಡಿಶ್, ಕೇಬಲ್ ಇಲ್ಲದ ಮನೆಯವರು ಏನು ಮಾಡಬೇಕು?

2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡ ಬಂದಾಗ ಈ ಪ್ರಶ್ನೆ ಮತ್ತೆ ಎದ್ದಿತು. ಹಕ್ಕು ಇದ್ದ ಖಾಸಗಿ ಕಂಪನಿ ನೇರಪ್ರಸಾರ ಹಂಚಿಕೊಳ್ಳಲು ತಯಾರಿರಲಿಲ್ಲ. ದೆಹಲಿ ಹೈಕೋರ್ಟ್ ಒಂದು ಮಧ್ಯದ ದಾರಿ ಹುಡುಕಿತು. ದೂರದರ್ಶನ ಏಳು ನಿಮಿಷ ತಡವಾಗಿ ತೋರಿಸಲಿ ಅಂದಿತು. ಸಿಕ್ಸರ್ ಬಿದ್ದ ಏಳು ನಿಮಿಷದ ಮೇಲೆ ಅದನ್ನು ನೋಡುವ ಕರ್ಮ! ಅದೇ ವರ್ಷ ಕಾನೂನು ಬಂತು. ರಾಷ್ಟ್ರೀಯ ಮಹತ್ವದ ಪಂದ್ಯ ಅಂತ ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳ ನೇರ ಸಿಗ್ನಲ್ಲನ್ನು, ಹಕ್ಕುದಾರರು ತಮ್ಮ ಜಾಹೀರಾತು ತೆಗೆದು, ದೂರದರ್ಶನ ಮತ್ತು ಆಕಾಶವಾಣಿ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು. ಹಾಗಾಗಿಯೇ ಓವರ್ ಮಧ್ಯೆ ಸ್ಟಾರ್‌ನಲ್ಲಿ ಒಂದು ಜಾಹೀರಾತು, ಅದೇ ಹೊತ್ತಿಗೆ ಡಿಡಿಯಲ್ಲಿ ಇನ್ನೊಂದು. ಡಿಡಿಗೆ ಬಂದ ಜಾಹೀರಾತಿನ ದುಡ್ಡಿನಲ್ಲಿ ನೂರಕ್ಕೆ ಕನಿಷ್ಠ 75 ಪಾಲು ಹಕ್ಕುದಾರರಿಗೆ, ಉಳಿದದ್ದು ಪ್ರಸಾರ ಭಾರತಿಗೆ. ರೇಡಿಯೋ ಆದರೆ ಅರ್ಧ-ಅರ್ಧ.

ಪುರುಷರ ತಂಡದ ಏಕದಿನ, ಟಿ20 ಪಂದ್ಯಗಳು ಆ ಪಟ್ಟಿಯಲ್ಲಿವೆ. ಒಲಿಂಪಿಕ್ಸ್ ಇದೆ. ಐಪಿಎಲ್ ಇಲ್ಲ. ಆರ್‌ಸಿಬಿ ಮ್ಯಾಚಿಗೆ ಡಿಡಿ ಹಾಕಿ ಕಾಯುವುದು ಸುಮ್ನೆ.

ಇನ್ನೊಂದು ತೊಡಕು ಇದೆ. ನಿಮ್ಮ ಖಾಸಗಿ ಡಿಶ್‌ನಲ್ಲೋ ಕೇಬಲ್‌ನಲ್ಲೋ ಡಿಡಿ ಸ್ಪೋರ್ಟ್ಸ್ ಇದೆ, ಆದರೆ ಮ್ಯಾಚ್ ಹೊತ್ತಿಗೆ ಅದರಲ್ಲಿ ಬೇರೇನೋ ಬರುತ್ತದೆ. ಸೆಟ್‌ಟಾಪ್ ಬಾಕ್ಸ್ ಕೆಟ್ಟಿಲ್ಲ, ಕೇಬಲ್‌ನವರಿಗೆ ಬೈಯಬೇಡಿ. ಹಂಚಿಕೊಂಡ ಸಿಗ್ನಲ್ ಪ್ರಸಾರ ಭಾರತಿಯ ಸ್ವಂತ ಜಾಲದಲ್ಲಿ, ಅಂದರೆ ಮನೆಯ ಆಂಟೆನಾ ಮತ್ತು ಡಿಡಿ ಫ್ರೀ ಡಿಶ್‌ನಲ್ಲಿ ಮಾತ್ರ ಇರಬೇಕು ಅಂತ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. ಭಾರತದ ಮ್ಯಾಚ್ ಅಷ್ಟೇ ಸಾಕು ಅನ್ನುವ ಮನೆಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಕನ್ನಡದಲ್ಲಿ ಬೇಕಾದರೆ

ಚಿತ್ರ ಎಲ್ಲ ಚಾನೆಲ್‌ಗೂ ಒಂದೇ. ಮೈದಾನದ ಕ್ಯಾಮೆರಾಗಳಿಂದ ಬರುವ ಚಿತ್ರ ಮತ್ತು ಸದ್ದಿನ ಮೇಲೆ ಆಯಾ ಭಾಷೆಯ ಕಾಮೆಂಟರಿ ಕೂಡಿಸುತ್ತಾರೆ. ಭಾಷೆಯ ಕಾಮೆಂಟೇಟರ್‌ಗಳು ಬಹಳಷ್ಟು ಸಲ ಸ್ಟುಡಿಯೋದಲ್ಲಿ ಪರದೆ ನೋಡಿಕೊಂಡೇ ಮಾತಾಡುತ್ತಾರೆ. ಐಪಿಎಲ್‌ಗೆ ಸ್ಟಾರ್‌ನ ಕನ್ನಡ ಚಾನೆಲ್ ಇದೆ. ಎಲ್ಲ ವಿದೇಶಿ ಸರಣಿಗೂ ಕನ್ನಡ ಸಿಗುತ್ತದೆ ಅಂತ ನಂಬಿಕೊಂಡು ಪ್ಯಾಕ್ ಹಾಕಿಸಬೇಡಿ. ಅಮೆರಿಕದಲ್ಲಿರುವ ನಮ್ಮವರಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ, ಅಲ್ಲಿ ಐಪಿಎಲ್ ಅಂದರೆ ವಿಲೋ ಚಾನೆಲ್.

ಒಂದೇ ಹೊತ್ತಿಗೆ ಎರಡು ಮ್ಯಾಚ್ ಇದ್ದರೆ

ಐಪಿಎಲ್‌ನಲ್ಲಿ ದಿನಕ್ಕೆರಡು ಪಂದ್ಯ ಇದ್ದಾಗ ಒಂದು ಮಧ್ಯಾಹ್ನ 3.30ಕ್ಕೆ, ಇನ್ನೊಂದು ಸಂಜೆ 7.30ಕ್ಕೆ. ಮಧ್ಯೆ ನಾಲ್ಕು ಗಂಟೆ. ಮೊದಲನೆಯದು ಎಳೆದರೆ ಏಳು ಗಂಟೆಯ ಟಾಸ್ ಹೊತ್ತಿಗೂ ಅದು ಮುಗಿದಿರುವುದಿಲ್ಲ. ಆಗ ಒಂದನ್ನು ಪಕ್ಕದ ಚಾನೆಲ್‌ಗೆ ತಳ್ಳುತ್ತಾರೆ. ಹಿಂದೆ ಮುಂದೆ ಎರಡು ನಂಬರ್ ಒತ್ತಿ ನೋಡಿ.

ಬೇಕೆಂದೇ ಒಟ್ಟಿಗೆ ಇಟ್ಟದ್ದೂ ಇದೆ. 2021ರ ಅಕ್ಟೋಬರ್ 8, ಲೀಗ್ ಹಂತದ ಕೊನೆಯ ದಿನ. ಅಬುಧಾಬಿಯಲ್ಲಿ ಮುಂಬೈ–ಹೈದರಾಬಾದ್, ದುಬೈನಲ್ಲಿ ಆರ್‌ಸಿಬಿ–ಡೆಲ್ಲಿ, ಎರಡೂ 7.30ಕ್ಕೆ. ಐಪಿಎಲ್‌ನಲ್ಲಿ ಹಾಗಾದದ್ದು ಅದೇ ಮೊದಲು. ಮುಂಬೈ ಪಂದ್ಯಕ್ಕೆ ಅಂಟಿಕೊಂಡಿದ್ದವರು ಶ್ರೀಕರ್ ಭರತ್ ಕೊನೇ ಎಸೆತಕ್ಕೆ ಹೊಡೆದ ಸಿಕ್ಸರ್ ತಪ್ಪಿಸಿಕೊಂಡರು.

ವೇಳಾಪಟ್ಟಿಯನ್ನು ಕ್ಯಾಲೆಂಡರ್‌ಗೆ ಅಂಟಿಸಿ ಮರೆಯಬೇಡಿ. 2025ರ ಮೇ 9ರಂದು ಐಪಿಎಲ್ ನಿಂತು, 17ಕ್ಕೆ ಮತ್ತೆ ಶುರುವಾಯಿತು. ಮೇ 25ಕ್ಕೆ ಕೋಲ್ಕತ್ತದಲ್ಲಿ ಆಗಬೇಕಿದ್ದ ಫೈನಲ್ ಜೂನ್ 3ಕ್ಕೆ ಅಹಮದಾಬಾದಿಗೆ ಹೋಯಿತು. ಮ್ಯಾಚ್ ದಿನ ಬೆಳಿಗ್ಗೆ ಒಂದು ಸಲ ನೋಡಿಕೊಂಡರೆ ಸಾಕು.

ಕೊನೆಗೆ, ಆ್ಯಪ್‌ನಲ್ಲಿ ಚಿತ್ರ ಡಿಶ್‌ಗಿಂತ ಹಲವು ಸೆಕೆಂಡ್ ಹಿಂದೆ ಇರುತ್ತದೆ. ನೀವಿನ್ನೂ ಬೌಲರ್ ಓಡಿಬರುವುದನ್ನು ನೋಡುತ್ತಿರುವಾಗ ಪಕ್ಕದ ಮನೆಯಲ್ಲಿ ಕೂಗು ಏಳುತ್ತದೆ, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪಟಾಕಿ ಚಿತ್ರ ಬೀಳುತ್ತದೆ. ಕೊನೇ ಓವರ್ ಹೊತ್ತಿಗೆ ಟೀವಿಗೆ ಬನ್ನಿ. ಅದಾಗದಿದ್ದರೆ ಗ್ರೂಪನ್ನಾದರೂ ಮ್ಯೂಟ್ ಮಾಡಿ.