ನೈಟ್ ಡ್ಯೂಟಿಯವರಿಗೂ ಒಂದು ಬೆಳಗು ಬೇಕು

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ನಮ್ಮದು ಮೂರು ಪಾಳಿ: ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಮರುದಿನ ಬೆಳಗ್ಗೆ 8. ಡ್ಯೂಟಿ ಚಾರ್ಟ್ ಬದಲಾದಂತೆ ನಾನು ಏಳುವ ಹೊತ್ತೂ ಬದಲಾಗುತ್ತದೆ. ಒಂದು ವಾರ ಐದೂವರೆಗೆ ಏಳುವವಳು ಮುಂದಿನ ವಾರ ಮಧ್ಯಾಹ್ನ ಎರಡಕ್ಕೆ ಏಳುತ್ತೇನೆ. ದಿನಾ ಐದಕ್ಕೆ ಎದ್ದರೆ ಬದುಕೇ ಬದಲಾಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ನಮ್ಮಂಥವರನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಪೊಲೀಸರು, ಬಸ್ ಡ್ರೈವರ್‌ಗಳು, ಕಾರ್ಖಾನೆಯಲ್ಲಿ ಪಾಳಿ ಮಾಡುವವರು ಇಂಥ ಮಾತು ಕೇಳಿ ತಮ್ಮಲ್ಲೇ ಏನೋ ಶಿಸ್ತು ಸಾಲದು ಅಂದುಕೊಳ್ಳುವುದನ್ನು ಕಂಡಿದ್ದೇನೆ. ಅದು ನನಗೆ ನಿಜವಾಗಿ ನೋವು ಕೊಡುತ್ತದೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನಗೆ ದಾರಿ ಹೊಳೆದದ್ದು ನಮ್ಮತ್ತೆಯನ್ನು ನೋಡಿ. ಅವರು ಬ್ರಾಹ್ಮೀ ಮುಹೂರ್ತದಲ್ಲಿ ಏಳುವವರು, ಆದರೆ ಅಲಾರಂ ಇಟ್ಟುಕೊಳ್ಳುವವರಲ್ಲ. ಒಂದು ಮುಹೂರ್ತವೆಂದರೆ 48 ನಿಮಿಷ; ಸೂರ್ಯೋದಯಕ್ಕೆ ಎರಡು ಮುಹೂರ್ತ ಇರುವಾಗ ಅದು ಶುರುವಾಗುತ್ತದೆ. ಮೈಸೂರಿನಲ್ಲಿ ಜೂನ್ ಮೊದಲ ವಾರ ಆರಕ್ಕೆ ಮುಂಚೆಯೇ ಹುಟ್ಟುವ ಸೂರ್ಯ ಜನವರಿ ಕೊನೆಯಲ್ಲಿ ಆರೂಮುಕ್ಕಾಲು ಮಾಡುತ್ತಾನೆ. ಹಾಗಾಗಿ ಅತ್ತೆ ಏಳುವ ಹೊತ್ತೂ ವರ್ಷದಲ್ಲಿ ಮುಕ್ಕಾಲು ಗಂಟೆಯಷ್ಟು ಹಿಂದುಮುಂದಾಗುತ್ತದೆ. ಅವರಲ್ಲಿ ಬದಲಾಗದಿರುವುದು ಕೆಲಸಗಳ ಸರದಿ. ಮುಖ ತೊಳೆದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಬೇಕು, ಆಮೇಲೇ ಕಾಫಿಗೆ ಡಿಕಾಕ್ಷನ್. ಹೊತ್ತನ್ನು ಬಿಟ್ಟು ಸರದಿಯನ್ನು ಹಿಡಿದುಕೊಂಡರೆ ನನಗೂ ಸಾಧ್ಯ ಅನ್ನಿಸಿತು.

ಡೈರಿಯ ಹಿಂದಿನ ಪುಟಗಳಲ್ಲಿ ಬರೆದಿಡಲು ಶುರುಮಾಡಿದೆ. ಯಾವ ಡ್ಯೂಟಿ, ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ, ಎದ್ದ ಮೊದಲ ಗಂಟೆಯಲ್ಲಿ ಏನು ಮಾಡಿದೆ, ಆ ದಿನ ವಾರ್ಡಿನಲ್ಲಿ ತಲೆ ಎಷ್ಟು ಚುರುಕಾಗಿತ್ತು. ಮೂರೂ ಪಾಳಿ ಸುತ್ತಿ ಬಂದ ಮೇಲೆ ಓದಿ ನೋಡಿದರೆ, ಒಳ್ಳೆಯ ದಿನಗಳಲ್ಲೆಲ್ಲ ಮೂರು ವಿಷಯ ಮತ್ತೆ ಮತ್ತೆ ಕಾಣಿಸಿದವು: ಬೆಳಕು, ಕಾಲು, ಮಗಳ ಜಡೆ. ಧ್ಯಾನ, ಓದು, ಇಂಗ್ಲಿಷ್ ಕಲಿಕೆ ಅಂತ ಸೇರಿಸಿಕೊಂಡಿದ್ದನ್ನೆಲ್ಲ ಬಿಟ್ಟೆ. ಬಿಟ್ಟಿದ್ದಕ್ಕೆ ಬೇಸರವಿಲ್ಲ.

ಎದ್ದ ಕೂಡಲೇ ಒಂದು ಲೋಟ ನೀರು ಕುಡಿದು ತಾರಸಿಗೆ ಹೋಗಿ ಹತ್ತು ನಿಮಿಷ ಬೆಳಕಿನಲ್ಲಿ ನಿಲ್ಲುತ್ತೇನೆ. ದೇಹದೊಳಗೊಂದು ಗಡಿಯಾರವಿದೆ, ಅದು ನಡೆಯುವ ಬಗೆಯನ್ನು ಜೀವಕೋಶದ ಮಟ್ಟದಲ್ಲಿ ತೋರಿಸಿಕೊಟ್ಟ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರವನ್ನು ದಿನದಿನವೂ ಸರಿಮಾಡುವುದರಲ್ಲಿ ಕಣ್ಣಿಗೆ ಬೀಳುವ ಬೆಳಕಿನದೇ ದೊಡ್ಡ ಪಾಲು. ಬೆಳಕು ಬಿದ್ದರೆ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಕಡಿಮೆಯಾಗುತ್ತದೆ. ಆಮೇಲೆ ಚಾಪೆ ಹಾಸಿ ಗೋಡೆಗೆ ಕಾಲು ಚಾಚಿ ಮಲಗುತ್ತೇನೆ, ಮೀನಖಂಡವನ್ನು ಚೆನ್ನಾಗಿ ಎಳೆಯುತ್ತೇನೆ. ಇಡೀ ಪಾಳಿ ನಿಂತೇ ಇರುವವರಿಗೆ ಇದರ ಬೆಲೆ ಗೊತ್ತು. ಅಷ್ಟು ಮುಗಿಯುವ ತನಕ ಫೋನ್ ಅಡುಗೆಮನೆಯಲ್ಲೇ ಇರುತ್ತದೆ. ವಾರ್ಡಿನ ವಾಟ್ಸ್ಆ್ಯಪ್ ಗ್ರೂಪ್ ಒಮ್ಮೆ ತೆರೆದರೆ ಮನೆಯಲ್ಲಿದ್ದೂ ಡ್ಯೂಟಿ ಶುರುವಾದ ಹಾಗೆಯೇ.

ಮಾರ್ನಿಂಗ್ ಡ್ಯೂಟಿ ಇದ್ದರೆ ಬೆಳಕು ಹರಿದ ಕೂಡಲೇ ಇದೆಲ್ಲ ಸರಸರ ನಡೆಯುತ್ತದೆ. ಹಿಂದಿನ ರಾತ್ರಿಯೇ ತರಕಾರಿ ಹೆಚ್ಚಿಟ್ಟು, ಯೂನಿಫಾರಂ ಇಸ್ತ್ರಿ ಮಾಡಿಟ್ಟಿರುತ್ತೇನೆ. ತಿಂಡಿ ನಮ್ಮ ಯಜಮಾನರ ಪಾಲಿನ ಕೆಲಸ.

ನೈಟ್ ಡ್ಯೂಟಿಯೇ ಬೇರೆ. ಅಲ್ಲಿ ಏಳುವುದಕ್ಕಿಂತ ಮಲಗುವುದಕ್ಕೆ ಹೆಚ್ಚು ಸಿದ್ಧತೆ ಬೇಕು. ಕಾಫಿ ರಾತ್ರಿ ಎರಡರ ನಂತರ ಮುಟ್ಟುವುದಿಲ್ಲ. ಕುಡಿದ ಐದಾರು ಗಂಟೆಯ ಮೇಲೂ ಅದರ ಕೆಫೀನಿನಲ್ಲಿ ಹೆಚ್ಚುಕಡಿಮೆ ಅರ್ಧ ಮೈಯಲ್ಲೇ ಇರುತ್ತದೆ. ಬೆಳಗ್ಗೆ ಮುಂದಿನ ಪಾಳಿಯವರಿಗೆ ಚಾರ್ಜ್ ಕೊಟ್ಟು ಹೊರಬರುವಾಗ ಕಪ್ಪು ಕನ್ನಡಕ ಹಾಕಿಕೊಳ್ಳುತ್ತೇನೆ. ಎಳೆಬಿಸಿಲು ಕಣ್ಣಿಗೆ ಬಿದ್ದರೆ ಮನೆ ಸೇರುವಷ್ಟರಲ್ಲಿ ನಿದ್ದೆ ಹಾರಿಹೋಗಿರುತ್ತದೆ. ಆ ಹೊತ್ತಿನಲ್ಲಿ ಸ್ಕೂಟರ್ ಓಡಿಸುವುದಿಲ್ಲ. ರಾತ್ರಿಯಿಡೀ ಎಚ್ಚರವಿದ್ದು ಹ್ಯಾಂಡಲ್ ಹಿಡಿಯಬೇಡಿ ಅಂತ ಹೊಸದಾಗಿ ಸೇರಿದ ಹುಡುಗಿಯರಿಗೂ ಕೈಮುಗಿದು ಹೇಳುತ್ತೇನೆ. ಸಿಟಿ ಬಸ್ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮಗೆ ಟಿಕೆಟ್ ದುಡ್ಡೂ ಇಲ್ಲ. ಕಣ್ಣು ಮುಚ್ಚಿಕೊಂಡು ಕೂರಬಹುದು, ಸ್ಟಾಪ್ ಬಂದಾಗ ಎಬ್ಬಿಸಿ ಅಂತ ಪಕ್ಕದವರಿಗೆ ಹೇಳಿದರಾಯಿತು.

ಮನೆಗೆ ಬಂದಾಗ ಅತ್ತೆಗೆ ಸುಮ್ಮನಿರಲು ಮನಸ್ಸಾಗುತ್ತಿರಲಿಲ್ಲ. ‘ರಾತ್ರಿಯೆಲ್ಲಾ ದುಡಿದು ಬಂದಿದೀಯ, ಒಂದ್ಲೋಟ ಬಿಸಿ ಕಾಫಿ ಕುಡಿದು ಮಲಗಮ್ಮ’ ಅನ್ನುತ್ತಿದ್ದರು. ಪ್ರೀತಿಯಿಂದ ಕೊಡುವುದನ್ನು ಬೇಡವೆನ್ನುವುದು ಕಷ್ಟ. ‘ಎದ್ದ ಮೇಲೆ ಕೊಡಿ ಅತ್ತೆ, ಆಗಲೇ ನನಗೆ ಬೆಳಗ್ಗೆ’ ಅಂತ ಒಂದು ಸಲ ಕೂತು ವಿವರಿಸಿದೆ. ಈಗ ಅವರು ರಾಗಿ ಗಂಜಿ ಕೊಡುತ್ತಾರೆ. ಮಧ್ಯಾಹ್ನ ಎರಡಕ್ಕೆ ನಾನು ಕೋಣೆಯಿಂದ ಹೊರಬರುವಾಗ ಹೊಸ ಡಿಕಾಕ್ಷನ್ ಇಳಿದಿರುತ್ತದೆ. ಮನೆಯವರಿಗೆ ನಮ್ಮ ಹೊತ್ತು ಅರ್ಥವಾಗದೆ ಪಾಳಿಯವರ ಯಾವ ದಿನಚರಿಯೂ ನಿಲ್ಲುವುದಿಲ್ಲ. ಹೇಳಿ ಅರ್ಥಮಾಡಿಸುವುದಕ್ಕೆ ಸಂಕೋಚ ಬೇಡ. ಮಲಗುವ ಕೋಣೆಯ ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಹಾಕಿಸಿದ್ದೇವೆ. ಕೊರಿಯರ್‌ನವರು ಬೆಲ್ ಒತ್ತದೆ ಫೋನ್ ಮಾಡಲಿ ಅಂತ ಯಜಮಾನರ ನಂಬರನ್ನು ಬಾಗಿಲಿಗೆ ಅಂಟಿಸಿದ್ದೇವೆ.

ಜಡೆಯ ವಿಷಯಕ್ಕೆ ಬರುತ್ತೇನೆ. ಮಗಳು ನಾಲ್ಕನೇ ಕ್ಲಾಸು. ನೈಟ್ ಇದ್ದಾಗ ನಾನು ಮನೆ ಸೇರುವಷ್ಟರಲ್ಲಿ ಅವಳ ಸ್ಕೂಲ್ ವ್ಯಾನ್ ಹೊರಟಿರುತ್ತದೆ. ಅಜ್ಜಿ ಹೆಣೆದ ಬಿಗಿ ಜಡೆಯಲ್ಲೇ ಹೋಗಿರುತ್ತಾಳೆ. ಸಂಜೆ ನಾಲ್ಕರ ಸುಮಾರಿಗೆ ಬಂದವಳು ಬ್ಯಾಗ್ ಇಟ್ಟು, ಬಾಚಣಿಗೆ ಮತ್ತು ಎಣ್ಣೆ ಬಾಟ್ಲಿ ತಂದು ನನ್ನ ಮುಂದೆ ಕೂರುತ್ತಾಳೆ. ಬಿಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ ಹಾಕುವ ತನಕ ಸ್ಕೂಲಿನ ಕಥೆಯೆಲ್ಲ ಬರುತ್ತದೆ. ಬೆಳಗಿನ ಅವಸರದಲ್ಲಿ ಅವಳು ಇಷ್ಟು ಮಾತಾಡುವುದಿಲ್ಲ. ಮುಂಜಾನೆಯೇ ಆಗಬೇಕು ಅಂತ ಹಟ ಹಿಡಿದಿದ್ದರೆ ನೈಟ್ ವಾರದಲ್ಲಿ ಇದು ಪೂರ್ತಿ ತಪ್ಪಿಹೋಗುತ್ತಿತ್ತು. ಅದಾದ ಮೇಲೆ ಮತ್ತೆ ಡ್ಯೂಟಿಗೆ ಹೊರಡುವ ಮುಂಚೆ ಅರ್ಧ ಗಂಟೆ ಕಣ್ಣು ಮುಚ್ಚುತ್ತೇನೆ.

ಮಧ್ಯಾಹ್ನದ ಪಾಳಿಯ ವಾರ ನನಗೆ ಬಲು ಇಷ್ಟ. ವ್ಯಾನ್ ಹೋದ ಮೇಲೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಧಾನವಾಗಿ ನಡೆಯುತ್ತೇನೆ. ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡುತ್ತಾ ಕೂರುವುದೂ ಉಂಟು.

ಕೊನೆಗೂ ಕಷ್ಟವಾಗಿಯೇ ಉಳಿದಿರುವುದು ನೈಟ್ ಮುಗಿದು ಮಾರ್ನಿಂಗ್‌ಗೆ ಹೊರಳುವ ದಿನ. ಅವತ್ತು ಸಾಕಾಗುವಷ್ಟು ಮಲಗಿಬಿಟ್ಟರೆ ರಾತ್ರಿ ನಿದ್ದೆ ಬಾರದು. ಅದಕ್ಕೇ ಹನ್ನೆರಡಕ್ಕೆ ಎದ್ದುಬಿಡುತ್ತೇನೆ, ಬಿಸಿಲಿಗೆ ಹೋಗುತ್ತೇನೆ, ಸಂಜೆ ಕಾಫಿ ಬಿಟ್ಟು ಒಂಬತ್ತಕ್ಕೆ ಹಾಸಿಗೆ ಸೇರುತ್ತೇನೆ. ಅವತ್ತು ಬ್ಯಾಂಕಿನ ಕೆಲಸ, ನೆಂಟರ ಮನೆ, ಗಾಡಿ ಓಡಿಸುವುದು ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಚಾರ್ಟ್ ಹಾಕುವ ಸಿಸ್ಟರ್‌ಗೆ ಮೊದಲೇ ಹೇಳಿ ಆ ದಿನಕ್ಕೆ ಒಂದು ಆಫ್ ಸಿಕ್ಕರಂತೂ ಮುಂದಿನ ಇಡೀ ವಾರ ಹಗುರ.